ಹೀರೆ ಹೂವಿನ ಟೈಮೇ ಬೇರೆ

ಟೆರೇಸಿನ ಚಪ್ಪರದ ತುಂಬಾ ಹೀರೆ ಬಳ್ಳಿ. ಹಳದಿ ಹೂವೋ ಹೂವು. ಕಾಯಿ ಮಾತ್ರ ಒಂದೂ ಇಲ್ಲ. ಹೀಚು ಕಾಣಿಸಿಕೊಳ್ಳುತ್ತಿತ್ತು, ಮೂರ್ನಾಲ್ಕು ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು. ಎರೆಗೊಬ್ಬರ ಸುರಿದೆ. ಎಲೆ ದಟ್ಟವಾಯಿತು, ಅಷ್ಟೇ.

ಪರಾಗಸ್ಪರ್ಶ ಆಗುತ್ತಿಲ್ಲ ಅಂತ ಹೊಳೆಯಲು ಹದಿನೈದು ದಿನ ಬೇಕಾಯಿತು. ಟೊಮೆಟೊ ಬೆಳೆದು ಅಭ್ಯಾಸ ಆದವಳಿಗೆ ಅದು ತಲೆಗೆ ಬರೋದು ಕಷ್ಟ ಬಿಡಿ. ಟೊಮೆಟೊದಲ್ಲಿ ಗಂಡು, ಹೆಣ್ಣು ಎರಡೂ ಒಂದೇ ಹೂವಿನೊಳಗೆ. ಗಾಳಿಗೆ ಅಲುಗಾಡಿದರೆ ತನ್ನ ಪರಾಗ ತನ್ನ ಮೇಲೇ ಉದುರುತ್ತದೆ. ಗಾಳಿ ಬಾರದ ಮೂಲೆಯ ಗಿಡಕ್ಕೆ ಬೆರಳಲ್ಲಿ ಮೆಲ್ಲಗೆ ತಟ್ಟುತ್ತೇನೆ, ಸಾಕು. ಹೀರೆ ಹಾಗಲ್ಲ. ಗಂಡು ಹೂ ಗೊಂಚಲಲ್ಲಿ ಬರುತ್ತದೆ. ಹೆಣ್ಣು ಹೂ ಒಂಟಿ, ಅದರ ಬುಡದಲ್ಲೇ ಪುಟಾಣಿ ಹೀರೆಕಾಯಿ ಇರುತ್ತದೆ. ಅಲ್ಲಿಂದ ಇಲ್ಲಿಗೆ ಪರಾಗ ಹೊರಲು ಯಾರಾದರೂ ಬೇಕಲ್ವಾ?

ನಾನೇ ದುಂಬಿಯಾಗೋಣ ಅಂತ ಬೆಳಗ್ಗೆ ಎಂಟಕ್ಕೆ ಬ್ರಷ್ ಹಿಡಿದು ಹೋದೆ. ಕುಂಬಳಕ್ಕೆ ಹಾಗೇ ಮಾಡಿ ಗೆದ್ದಿದ್ದೆ. ಇಲ್ಲಿ ನೋಡಿದರೆ ಹೂವೆಲ್ಲ ಬಾಡಿವೆ. ಒಂದು ವಾರ ಇದೇ ಕತೆ. ಆಮೇಲೊಂದು ದಿನ ಒಣಗಿದ ಬಟ್ಟೆ ತರಲು ಸಂಜೆ ಆರಕ್ಕೆ ಮೇಲೆ ಹೋದೆ. ಮೊಗ್ಗುಗಳು ಆಗಷ್ಟೇ ಬಿಚ್ಚಿಕೊಳ್ಳುತ್ತಿದ್ದವು! ಹೀರೆ ಅರಳೋದೇ ಸಂಜೆ, ಪತಂಗಗಳು ಓಡಾಡುವ ಹೊತ್ತಿಗೆ. ಸೋರೆಯೂ ಇದೇ ಪಾರ್ಟಿ. ತುಪ್ಪದ ಹೀರೆ ಮಾತ್ರ ಬೆಳಗಿನದು.

ಬ್ರಷ್ ಬಿಟ್ಟೆ, ಅದಕ್ಕೇ ಅರ್ಧ ಪರಾಗ ಅಂಟಿಕೊಂಡುಬಿಡುತ್ತದೆ. ಗಂಡು ಹೂ ಕಿತ್ತು, ದಳ ಬಿಡಿಸಿ, ಬೆರಳಿಗೆ ಹಳದಿ ಪುಡಿ ಹತ್ತುತ್ತಾ ಅಂತ ಮೊದಲು ನೋಡುತ್ತೇನೆ. ಆಮೇಲೆ ಹೆಣ್ಣು ಹೂವಿನ ನಡುವಿನ ಉಬ್ಬುಗಳಿಗೆಲ್ಲ ಸುತ್ತಲೂ ಸವರುತ್ತೇನೆ. ಒಂದೇ ಕಡೆ ಸವರಿದ ಒಂದು ಕಾಯಿ ಸೊಟ್ಟಗೆ, ಕುಡುಗೋಲಿನ ಹಾಗೆ ಬೆಳೆಯಿತು.

ನನ್ನಲ್ಲಿದ್ದದ್ದು ಒಂದೇ ಬಳ್ಳಿ. ಹೂ ಬೇರೆಯಾದರೂ ಗಿಡ ಒಂದೇ, ಹಾಗಾಗಿ ಇದೂ ಲೆಕ್ಕಕ್ಕೆ ಸ್ವಕೀಯ ಪರಾಗಸ್ಪರ್ಶವೇ. ಸಾರಿಗೆ ಹಾಕುವ ಕಾಯಿಗೆ ಅದರಿಂದ ಏನೂ ತೊಂದರೆಯಿಲ್ಲ. ಬೀಜಕ್ಕೆ ಮಾತ್ರ ಇನ್ನೊಂದು ಬಳ್ಳಿಯ ಪರಾಗ ಬೇಕು ಅನಿಸಿತು. ಈ ಸಲ ಅದೇ ತಳಿಯ ಎರಡು ಬಳ್ಳಿ ಹಬ್ಬಿಸಿದೆ. ಮರುದಿನ ಸಂಜೆ ಅರಳುವ ಹೆಣ್ಣು ಮೊಗ್ಗಿಗೂ ಗಂಡು ಮೊಗ್ಗಿಗೂ, ಬೇರೆ ಪರಾಗ ತಾಗದಿರಲಿ ಅಂತ, ಹಿಂದಿನ ದಿನವೇ ತೆಳು ಬಟ್ಟೆಯ ಚೀಲ ಕಟ್ಟಿದೆ. ಅರಳಿದ ಮೇಲೆ ಒಂದು ಬಳ್ಳಿಯ ಪರಾಗ ಇನ್ನೊಂದರ ಹೆಣ್ಣು ಹೂವಿಗೆ ಸವರಿ ಮತ್ತೆ ಚೀಲ ಹಾಕಿ, ಗುರುತಿಗೆ ತೊಟ್ಟಿಗೆ ಕೆಂಪು ದಾರ ಸುತ್ತಿದೆ.

ಹತ್ತನೇ ದಿನ ಅತ್ತೆ ಅದನ್ನೇ ಕಿತ್ತು ಬಜ್ಜಿ ಮಾಡಿಬಿಟ್ಟರು. ಚೆನ್ನಾಗಿತ್ತು. ಈಗ ಇನ್ನೊಂದಕ್ಕೆ ದಾರ ಕಟ್ಟಿ, ಅತ್ತೆಗೂ ಹೇಳಿಟ್ಟಿದ್ದೇನೆ.