ಇಳಕಲ್ ಸೆರಗಿನ ಕೆಂಪು ಕೆಡದಂತೆ ಫೋಟೋ ಸಣ್ಣದು ಮಾಡಿದ್ದು

ಇಳಕಲ್‌ನ ಸೀರೆ ಅಂಗಡಿಗಳಿಗೆ ಆನ್‌ಲೈನ್ ಮಾರಾಟದ ಫೋಟೋ ತೆಗೆದುಕೊಡೋದು ನನ್ನ ಕೆಲಸ. ಫೋಟೋ 200 ಕೆಬಿ ದಾಟಬಾರದು, ಸೆರಗಿನ ನೇಯ್ಗೆಯೂ ಕಾಣಬೇಕು ಅಂದಾಗ ನಮ್ಮ ಫೋಟೋಗ್ರಾಫರ್ ಗೆಳೆಯರು ನಕ್ಕಿದ್ದರು. "ಎರಡೂ ಆಗಂಗಿಲ್ಲ ಬಿಡಪಾ" ಅಂದವರೇ ಈಗ ಸೆಟ್ಟಿಂಗ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಾ ಕಾಟ ಕೆಂಪಿನದು. ತೋಪ್ ತೆನಿ ಸೆರಗು ಅಂದರೆ ಕೆಂಪು ರೇಷ್ಮೆ, ಅದರ ಮೇಲೆ ಬಿಳಿ ಗೋಪುರಗಳ ಸಾಲು. ಜೆಪೆಗ್ ಫೋಟೋ ಉಳಿಸುವಾಗ ಕ್ವಾಲಿಟಿ 80 ಇಟ್ಟರೂ ಗೋಪುರದ ಅಂಚು ಕದಡುತ್ತಿತ್ತು. 90ಕ್ಕೆ ಏರಿಸಿದರೆ ಫೈಲ್ ಉಬ್ಬಿತು, ಅಂಚು ಹಾಗೇ ಇತ್ತು. ಜೂಮ್ ಮಾಡಿ ನೋಡಿದರೆ ಕೆಂಪು ಬಿಳಿಯೊಳಗೆ ಸೋರಿ ಗುಲಾಬಿ ಆಗಿದೆ! ತಪ್ಪು ಕ್ವಾಲಿಟಿ ನಂಬರಿನದಲ್ಲ, 4:2:0 ಅನ್ನೋ ಬಣ್ಣದ ಸೆಟ್ಟಿಂಗಿನದು. ಅದು ಬಣ್ಣದ ವಿವರವನ್ನು ಉದ್ದಕ್ಕೂ ಅಗಲಕ್ಕೂ ಅರ್ಧ ಮಾಡುತ್ತದೆ. ಮದುವೆ ಫೋಟೋದ ಮುಖಗಳಲ್ಲಿ ಅದು ಯಾರ ಕಣ್ಣಿಗೂ ಬೀಳಲ್ಲ. ಇಳಕಲ್ ಸೆರಗಿನಲ್ಲಿ ಮುಚ್ಚಿಡೋಕಾಗಲ್ಲ. ಜೆಪೆಗ್ ಸಣ್ಣದು ಮಾಡುವ ಮೋಜ್‌ಜೆಪೆಗ್ ಸಾಫ್ಟ್‌ವೇರಿನಲ್ಲಿ ಸ್ಯಾಂಪಲ್ 1×1 ಮಾಡಿ, ಅಂದರೆ ಬಣ್ಣದ ವಿವರ ಪೂರ್ತಿ ಉಳಿಸುವ 4:4:4 ಇಟ್ಟು, ಕ್ವಾಲಿಟಿಯನ್ನು 75ರ ಆಸುಪಾಸಿಗೆ ಇಳಿಸಿದೆ. ಅಂಚು ಚೊಕ್ಕ ಬಂತು. ಫೈಲ್ ಹಳೇ 90ರದ್ದಕ್ಕಿಂತ ಹೆಚ್ಚುಕಡಿಮೆ ಅರ್ಧ. ಸೀರೆಯ ಒಡಲಿನ ಫೋಟೋಗಳಿಗೆ 4:2:0 ಸಾಕು, ಅಲ್ಲಿ ಸುಮ್ನೆ ಬೈಟ್ ಕಳೆಯಬೇಡಿ.

ಇದು ಹೊಳೆಯೋ ಮೊದಲು ದುಡ್ಡು ಚೆನ್ನಾಗಿಯೇ ಹೋಯಿತು. ತಿಂಗಳಿಗೆ ಎಂಟುನೂರೋ ಒಂಬೈನೂರೋ ಕಿತ್ತುಕೊಳ್ಳುವ ಒಂದು ಆನ್‌ಲೈನ್ ಸೇವೆಗೆ ಅರ್ಧ ವರ್ಷ ಕಟ್ಟಿದೆ. ಅದು ಎಲ್ಲವನ್ನೂ 4:2:0 ಮಾಡುತ್ತಿತ್ತು, ಜೊತೆಗೆ ಬಣ್ಣ ಹೇಗೆ ಓದಬೇಕು ಅಂತ ಹೇಳುವ ಕಲರ್ ಪ್ರೊಫೈಲನ್ನೂ ಕಿತ್ತು ಬಿಸಾಕುತ್ತಿತ್ತು. ಅಡೋಬ್ ಆರ್‌ಜಿಬಿ ಅನ್ನೋ ಕ್ಯಾಮೆರಾ ಬಣ್ಣದ ಸೆಟ್ಟಿಂಗಿನಲ್ಲಿ ತೆಗೆದ ಗಿರಿ ಕುಂಕುಮದ ಕೆಂಪು ಪ್ರೊಫೈಲ್ ಹೋದ ಮೇಲೆ ಮಂಕಾಗಿ ಕಾಣುತ್ತದೆ. "ಬಣ್ಣ ಬೇರೆ ಬಂದಿದೆ" ಅಂತ ಸೀರೆಗಳು ವಾಪಸ್. ಒಂದೊಂದಕ್ಕೂ ಹೋಗಿ ಬರುವ ಕೊರಿಯರ್ ಇನ್ನೂರರ ಹತ್ತಿರ, ಅದನ್ನು ಅಂಗಡಿಯವರು ನನ್ನ ಬಿಲ್ಲಿನಲ್ಲೇ ಮುರಿದುಕೊಂಡರು. ಮೊದಲು ವೆಬ್‌ನಲ್ಲಿ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಬಣ್ಣಕ್ಕೆ ಬದಲಿಸಿ, ಆಮೇಲೆ ಎಕ್ಸಿಫ್ (ಫೋಟೋದೊಳಗಿನ ಕ್ಯಾಮೆರಾ ಮಾಹಿತಿ) ತೆಗೆಯಿರಿ. ಮೋಜ್‌ಜೆಪೆಗ್‌ಗೆ ಒಂದು ಪೈಸೆಯೂ ಬೇಡ.

ನಾಯ್ಸ್ ಬಗ್ಗೆ ಯಾರೂ ಮಾತಾಡಲ್ಲ. ಟ್ಯೂಬ್‌ಲೈಟಿನಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 1600 ಇಟ್ಟು ತೆಗೆದ ಸೀರೆಯನ್ನೇ ಟ್ರೈಪಾಡ್ ಮೇಲೆ 100ರಲ್ಲಿ ತೆಗೆದೆ. ಬೇರೇನೂ ಮುಟ್ಟದೆ ಫೈಲ್ ಮೂರನೇ ಒಂದು ಪಾಲು ಇಳಿಯಿತು. ಕಾಳು ಕಾಳು ನಾಯ್ಸನ್ನು ಜೆಪೆಗ್ ವಿವರ ಅಂದುಕೊಂಡು ಜೋಪಾನ ಮಾಡುತ್ತೆ, ಪಾಪ. ಹಿನ್ನೆಲೆ ನುಣ್ಣಗಿದ್ದಷ್ಟೂ ಲಾಭ. ನಾನು ಹಾಸುವ ಬಟ್ಟೆ ಯಾವುದು ಅಂತ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಜೆಪೆಗ್ ಬದಲಿಗೆ ಬಳಸುವ ಹೊಸ ಫೈಲ್ ಬಗೆ ವೆಬ್‌ಪಿಯನ್ನೂ ನೋಡಿದೆ. ಅದರ ಲಾಸಿ ಬಗೆಯಲ್ಲಿ, ಅಂದರೆ ಸ್ವಲ್ಪ ವಿವರ ಬಿಟ್ಟು ಸಣ್ಣದು ಮಾಡುವಾಗ, 4:2:0 ಬಿಟ್ಟರೆ ಬೇರೆ ದಾರಿಯೇ ಇಲ್ಲ, ಸೆರಗು ಮತ್ತೆ ಗುಲಾಬಿ. ಎವಿಐಎಫ್ ಅನ್ನೋ ಇನ್ನೊಂದು ಫೈಲ್ ಬಗೆಯಲ್ಲಿ 4:4:4 ಸಿಗುತ್ತದೆ. ಗುಳೇದಗುಡ್ಡದ ಖಣದ ಮೇಲೆ ಹಾಕಿ ನೋಡಿದೆ, ಫೈಲ್ ಭಾರೀ ಸಣ್ಣದು ಬಂತು. ಆದರೆ ಜಾಸ್ತಿ ಹಿಂಡಿದರೆ ನೂಲಿನ ಒರಟುತನ ಅಳಿಸಿ ಪ್ಲಾಸ್ಟಿಕ್ ಥರ ಕಾಣುತ್ತದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಫೋಟೋ ಮುಗಿಯೋದರೊಳಗೆ ಚಹಾ ಕುಡಿದು ಬರಬಹುದು. ದಿನಕ್ಕೆ ನಲವತ್ತು-ಐವತ್ತು ಸೀರೆ ಇರುವವನಿಗೆ ಅದು ಸದ್ಯಕ್ಕೆ ಬೇಡ. ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಖಣಕ್ಕೆ ಇನ್ನೊಮ್ಮೆ ಕೈ ಹಾಕುತ್ತೇನೆ.