ಡ್ರಾಪ್ ಕೊಡುವುದನ್ನೇ ಬಿಟ್ಟಿದ್ದೆ

ನಮ್ಮ ಮಂಡ್ಯ ಕಡೆ ಯುಗಾದಿಗೆ ಜಗಲಿ ಮೇಲೆ ಇಸ್ಪೀಟು ಮೊದಲಿನಿಂದಲೂ ಇದೆ. ಹಬ್ಬ ಮುಗಿದರೆ ಎಲೆ ಕಟ್ಟಿಡುತ್ತಾರೆ. ಫೋನಿನ ರಮ್ಮಿಯಲ್ಲಿ ಹಬ್ಬ ಮುಗಿಯುವುದೇ ಇಲ್ಲ.

2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ನನ್ನ ಆಟ ನಿಂತಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು, ನಾನು ಮತ್ತೆ ಶುರುಮಾಡಿದೆ. ಒಂದು ರಾತ್ರಿ 22,000 ಗೆದ್ದೆ. ನನ್ನನ್ನು ಹಾಳುಮಾಡಿದ್ದು ಆ ಗೆಲುವು.

ರಮ್ಮಿ ಆಡುವವರಿಗೆ ಗೊತ್ತು: ಎಲೆ ಕೆಟ್ಟದಾಗಿ ಬಂದರೆ ಮೊದಲೇ ಡ್ರಾಪ್ ಕೊಟ್ಟು, ಅಂದರೆ ಆ ಆಟ ಬಿಟ್ಟು, 20 ಪಾಯಿಂಟು ನಷ್ಟಕ್ಕೇ ಎದ್ದುಬಿಡಬೇಕು, ಕೊನೆವರೆಗೂ ಕೂತರೆ 80ರವರೆಗೂ ಹೋಗುತ್ತದೆ. ಮೊದಮೊದಲು ನಾನು ಹಾಗೇ ಏಳುತ್ತಿದ್ದೆ. ಆಮೇಲೆ ಒಂದು ಸೀಕ್ವೆನ್ಸ್ (ಒಂದೇ ಜಾತಿಯ ಸಾಲಾದ ಎಲೆಗಳು) ಕೂಡದ ಎಲೆ ಹಿಡಿದುಕೊಂಡೂ ಕೂತಿರುತ್ತಿದ್ದೆ. ಕಳೆದದ್ದನ್ನು ಅದೇ ರಾತ್ರಿ ವಾಪಸ್ ತರಬೇಕು ಅನ್ನುವ ಹಟ. ಅದೇ ಕಾಯಿಲೆ ಅಂತ ಆಗ ಹೊಳೆಯಲಿಲ್ಲ.

ಪಾಸ್‌ಬುಕ್ ನೋಡಿ ಹೆಂಡತಿ ಕೇಳಿದಳು, "ಏನ್ರೀ ಇದು, ರಾತ್ರಿಯೆಲ್ಲಾ ಐನೂರು, ಐನೂರು?" ಇಬ್ಬರೂ ಕೂತು ಕೂಡಿದೆವು. ಗೆದ್ದದ್ದನ್ನು ಕಳೆದ ಮೇಲೂ ಹೋಗಿದ್ದು 3,86,000 ರೂಪಾಯಿ. ಅವಳು ಅಳಲಿಲ್ಲ, ಮತ್ತೊಮ್ಮೆ ಕೂಡಿದಳು.

ಮರುದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416ಕ್ಕೆ ಕರೆ ಮಾಡಿದೆ. ಉಚಿತ, ಕನ್ನಡದಲ್ಲೇ ಮಾತಾಡಿದರು. ಯಾವ ಹೊತ್ತಿಗೆ ಆಡಬೇಕು ಅನ್ನಿಸುತ್ತೆ, ಬರೆದಿಡಿ ಅಂದರು. ವಾರದಲ್ಲಿ ತಿಳಿಯಿತು: ಸಂಬಳ ಬಂದ ದಿನ, ರಾತ್ರಿ ಹತ್ತೂವರೆ ಮೇಲೆ, ಒಬ್ಬನೇ ಇದ್ದಾಗ. ಹತ್ತಕ್ಕೆ ಫೋನ್ ಹೆಂಡತಿ ಕೈಗೆ ಕೊಟ್ಟೆ. ಸಂಬಳ ಅವಳ ಖಾತೆಗೆ, ನನ್ನ ಯುಪಿಐ ಬಂದ್, ಕೈಖರ್ಚಿಗೆ ದಿನಕ್ಕೆ 200 ನಗದು. ನಲವತ್ತು ದಾಟಿದ ಗಂಡಸಿಗೆ ಇದು ಸುಲಭವಲ್ಲ. ಅಣ್ಣ ಸಹಾಯಕ್ಕೆ ಬಂದಾಗ ದುಡ್ಡು ನನ್ನ ಕೈಗೆ ಕೊಡಬೇಡ ಅಂದೆ. ಲೋನ್ ಆಪ್‌ಗಳ ಬಾಕಿ ಅವನೇ ನೇರವಾಗಿ ಕಟ್ಟಿದ. ಮನೆಯವರಿಗೆ ನಾನು ಒತ್ತಿ ಹೇಳುವುದು ಇದನ್ನೇ, ಆಡುವವನ ಕೈಗೆ ಸಾಲ ತೀರಿಸುವ ದುಡ್ಡು ಕೊಡಬೇಡಿ.

ನಾಲ್ಕು ತಿಂಗಳಾದ ಮೇಲೆ ಜೊತೆಯಲ್ಲಿ ಕೆಲಸ ಮಾಡುವವನ ಹತ್ತಿರ ಐನೂರು ಇಸಿದುಕೊಂಡು ಆಡಿದೆ, ಕಳೆದೆ. ಆ ರಾತ್ರಿಯೇ ಹೆಂಡತಿಗೆ ಹೇಳಿದೆ. ಮುಚ್ಚಿಟ್ಟಿದ್ದರೆ ಮತ್ತೆ ಮೊದಲಿಂದ ಶುರುವಾಗುತ್ತಿತ್ತು.

2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂದು ಹಣದಾಟ ನಿಂತಿತು. ಆದರೂ ಹೊರದೇಶದ ಬೆಟ್ಟಿಂಗ್ ಲಿಂಕುಗಳು ಟೆಲಿಗ್ರಾಂನಲ್ಲಿ ಬರುತ್ತಲೇ ಇದ್ದವು. ಟೆಲಿಗ್ರಾಂ ತೆಗೆದುಹಾಕಿದೆ.

ಯುಗಾದಿಗೆ ಅಣ್ಣ ಜಗಲಿಯಲ್ಲಿ ಎಲೆ ಹಂಚುವಾಗ ನಾನು ಗದ್ದೆ ಕಡೆ ಹೋದೆ. ಅಣ್ಣನಿಗೆ ಇನ್ನೂ ಹನ್ನೊಂದು ಕಂತು ಕೊಡಬೇಕು.