ನೈರೋಬಿಯಲ್ಲಿ ಬೆಳಗಿನ ಓಟ: ನಾನು ದಾರಿ ಕಂಡುಕೊಂಡ ಬಗೆ

ನೈರೋಬಿಯಲ್ಲಿ ನಾನು ಓಡಿದ ಮೊದಲ ಬೆಳಗು ಹತ್ತು ನಿಮಿಷಕ್ಕೇ ಮುಗಿಯಿತು. ಕೈಯಲ್ಲಿದ್ದ ಮೊಬೈಲ್ ಹೋಯಿತು, ಮಣಿಕಟ್ಟು ಊದಿಕೊಂಡಿತು.

ಆಸ್ಪತ್ರೆಗಳ ಪ್ರಯೋಗಾಲಯಗಳಿಗೆ ರಕ್ತಪರೀಕ್ಷೆಯ ಯಂತ್ರಗಳನ್ನು ಒದಗಿಸುವ ಕಂಪನಿಯೊಂದರಲ್ಲಿ ನನ್ನ ಕೆಲಸ. ಯಂತ್ರ ಕೂರಿಸಿದ ಮೇಲೆ ಅಲ್ಲಿನ ತಂತ್ರಜ್ಞರ ಜೊತೆ ಒಂದು ವಾರ ಇದ್ದು ಕಲಿಸಿ ಬರಬೇಕು. ಹೀಗೆ 2017ರಿಂದ ಈಚೆಗೆ ಹನ್ನೊಂದು ಸಲ ನೈರೋಬಿಗೆ ಹೋಗಿ ಬಂದಿದ್ದೇನೆ. ಬೆಂಗಳೂರಿನಲ್ಲಿದ್ದರೆ ವಾರಕ್ಕೆ ನಾಲ್ಕು ದಿನ ಕಬ್ಬನ್ ಪಾರ್ಕಿನಲ್ಲಿ ಓಡುವವಳು ನಾನು. ಪರ ಊರಿಗೆ ಹೋದಾಗ ಓಟ ತಪ್ಪಿದರೆ ಇಡೀ ದಿನ ಏನೋ ಕಳೆದುಕೊಂಡಂತೆ ಇರುತ್ತದೆ. ಕೆಲಸದ ಮೇಲೆ ಆ ಊರಿಗೆ ಹೋಗುವ ನಮ್ಮವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಹೆದರಿಕೊಂಡು ಹೋಟೆಲಿನ ಟ್ರೆಡ್‌ಮಿಲ್ಲಿಗೇ ಅಂಟಿಕೊಂಡವರನ್ನು ಕಂಡಿದ್ದೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ಮೊದಲ ದಿನದ ತಪ್ಪಿಗೆ ಗಡಿಯಾರವೇ ಕಾರಣ. ನೈರೋಬಿ ನಮಗಿಂತ ಎರಡೂವರೆ ಗಂಟೆ ಹಿಂದೆ ಇದೆ. ಅಲ್ಲಿ ಬೆಳಗಿನ ಜಾವ ನಾಲ್ಕಾದಾಗ ನನ್ನ ಮೈಗೆ ಆರೂವರೆ. ಎಚ್ಚರವಾದ ಮೇಲೆ ಹಾಸಿಗೆಯಲ್ಲಿ ಹೊರಳಾಡಿ ಸಾಕಾಗಿ, ಐದೂಕಾಲಿಗೆ ವೆಸ್ಟ್‌ಲ್ಯಾಂಡ್ಸ್‌ನ ಹೋಟೆಲಿನಿಂದ ಹೊರಬಿದ್ದೆ. ಕಗ್ಗತ್ತಲು. ವೈಯಾಕಿ ವೇ ದೊಡ್ಡ ರಸ್ತೆ, ದೀಪ ಇದ್ದೇ ಇರುತ್ತದೆ ಎಂದುಕೊಂಡು ಅತ್ತ ತಿರುಗಿದೆ. ದಾರಿ ತಪ್ಪಬಾರದೆಂದು ಮೊಬೈಲಿನಲ್ಲಿ ನಕ್ಷೆ ತೆರೆದು ಕೈಯಲ್ಲೇ ಹಿಡಿದಿದ್ದೆ. ಹಿಂದಿನಿಂದ ಮೋಟರ್‌ಸೈಕಲ್ ಬಂದದ್ದು ಕೇಳಿಸಿತು, ಪಕ್ಕಕ್ಕೆ ಸರಿದೆ. ಹಿಂಬದಿಯಲ್ಲಿ ಕುಳಿತವನ ಕೈ ಚಾಚಿದ್ದಷ್ಟೇ ಕಂಡದ್ದು. ಕತ್ತಲಲ್ಲಿ ಮೊಬೈಲಿನ ಬೆಳಕು ನನ್ನ ಮುಖವನ್ನೇ ಬೆಳಗುತ್ತಿತ್ತು, ದೂರದಿಂದಲೇ ಅವರಿಗೆ ಎಲ್ಲವೂ ಕಂಡಿರಬೇಕು.

ಹೋಟೆಲಿನ ಗೇಟಿನಲ್ಲಿದ್ದ ಕಾವಲುಗಾರರು ವಯಸ್ಸಾದವರು. ಕಾವಲುಗಾರರನ್ನು ಅಲ್ಲಿ ‘ಅಸ್ಕಾರಿ’ ಎನ್ನುತ್ತಾರೆ. ನನ್ನ ಮುಖ ನೋಡಿ ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟು ‘ಪೋಲೆ ಸಾನಾ, ಮಾಮಾ’ ಎಂದರು. ಅಲ್ಲಿ ಮಾಮಾ ಎಂದರೆ ತಾಯಿ. ‘ಪೋಲೆ’ ಎಂಬುದು ನಿಮ್ಮ ಕಷ್ಟ ನನಗೆ ತಿಳಿಯುತ್ತದೆ ಎನ್ನುವ ಮಾತು. ಎಡವಿದವರಿಗೂ ಹೇಳುತ್ತಾರೆ, ಏರಿನಲ್ಲಿ ಏದುಸಿರು ಬಿಡುತ್ತಾ ಓಡುವವರಿಗೂ ಹೇಳುತ್ತಾರೆ. ಆಮೇಲೆ ಅವರು ಒಂದೇ ಮಾತು ಹೇಳಿದರು: ‘ಸಾ ಕುಮಿ ನಾ ಮ್ಬಿಲಿ ನಾ ನುಸು’. ಅದಕ್ಕಿಂತ ಮೊದಲು ಹೊರಗೆ ಕಾಲಿಡಬೇಡಿ ಎಂದು ಸನ್ನೆ ಮಾಡಿದರು. ಪದಗಳ ಲೆಕ್ಕದಲ್ಲಿ ಅದು ಹನ್ನೆರಡೂವರೆ. ಮಧ್ಯಾಹ್ನ ಹನ್ನೆರಡೂವರೆಗೆ ಯಾರು ಓಡುತ್ತಾರೆ ಎಂದು ತಲೆಕೆಡಿಸಿಕೊಂಡೆ. ಪ್ರಯೋಗಾಲಯದಲ್ಲಿ ಕೇಳಿದ ಮೇಲೆ ಅರ್ಥವಾಯಿತು. ಸ್ವಾಹಿಲಿಯಲ್ಲಿ ಹೊತ್ತನ್ನು ಎಣಿಸುವುದು ಬೆಳಕು ಹರಿದಾಗಿನಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ, ನಮ್ಮ ಆರೂವರೆ ಅವರಿಗೆ ಹನ್ನೆರಡೂವರೆ. ಪಂಚಾಂಗ ನೋಡುತ್ತಿದ್ದ ನನ್ನ ಅಜ್ಜ ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದುದು ನೆನಪಾಯಿತು. ನೈರೋಬಿ ಭೂಮಧ್ಯರೇಖೆಗೆ ತೀರ ಹತ್ತಿರವಿರುವುದರಿಂದ ಈ ಲೆಕ್ಕ ಅಲ್ಲಿ ವರ್ಷವಿಡೀ ನಡೆಯುತ್ತದೆ. ಯಾವ ತಿಂಗಳಲ್ಲಿ ಹೋದರೂ ಸೂರ್ಯ ಹುಟ್ಟುವುದು ಆರೂ ಹತ್ತರಿಂದ ಆರೂ ಮುಕ್ಕಾಲರ ಒಳಗೆ. ಕತ್ತಲೆಯಿಂದ ಬೆಳಕಿಗೆ ಇಪ್ಪತ್ತೇ ನಿಮಿಷ, ಸಂಜೆ ಬೆಳಕಿನಿಂದ ಕತ್ತಲೆಗೂ ಅಷ್ಟೇ.

ಮಾರನೆಯ ದಿನ ಆರೂಕಾಲಿಗೇ ಕೆಳಗಿಳಿದು ಗೇಟಿನ ಒಳಗೆ ನಿಂತೆ. ರಸ್ತೆಯಾಚೆ ಹೆಂಗಸೊಬ್ಬರು ‘ಜಿಕೋ’ ಎನ್ನುವ ಇದ್ದಿಲ ಒಲೆಗೆ ಬೀಸಣಿಗೆ ಹಾಕುತ್ತಿದ್ದರು. ಕೆಂಡ ಕೆಂಪಗಾಯಿತು, ಮೇಲೆ ಚಹಾದ ಪಾತ್ರೆ ಏರಿತು, ಮಂದಾಜಿ ತುಂಬಿದ ಡಬ್ಬಿಯ ಮುಚ್ಚಳ ತೆರೆಯಿತು. ಮಂದಾಜಿ ಎಂದರೆ ಎಣ್ಣೆಯಲ್ಲಿ ಕರಿದ, ಸ್ವಲ್ಪ ಸಿಹಿಯಾದ, ಉಬ್ಬಿದ ರೊಟ್ಟಿ. ಹತ್ತು ನಿಮಿಷದಲ್ಲಿ ಜನ ಬರತೊಡಗಿದರು. ಕಟ್ಟಡದ ಕೂಲಿಯವರು, ಮನೆಗೆಲಸದ ಹೆಣ್ಣುಮಕ್ಕಳು, ಸಮವಸ್ತ್ರದ ಶಾಲಾ ಮಕ್ಕಳು. ನೈರೋಬಿಯಲ್ಲಿ ಬೆಳಗ್ಗೆ ನಡೆದೇ ಕೆಲಸಕ್ಕೆ ಹೋಗುವವರು ಸಾವಿರ ಸಾವಿರ. ಅಸ್ಕಾರಿ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಅಂದಿನಿಂದ ಅಲ್ಲಿ ಓಡಲು ಹೊರಡುವ ನನ್ನ ಹೊತ್ತು ಅದೇ, ಒಲೆ ಹೊತ್ತಿ ಜನ ನಡೆಯತೊಡಗಿದ ಮೇಲೆ. ಒಂದು ರಸ್ತೆ ಓಡಲು ಯೋಗ್ಯವೋ ಅಲ್ಲವೋ ಎಂದು ನಾನು ನಕ್ಷೆಯನ್ನು ಕೇಳುವುದಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ಹೆಂಗಸರು ಒಬ್ಬೊಬ್ಬರೇ ನಡೆಯುತ್ತಿದ್ದಾರೆಯೇ ಎಂದು ನೋಡುತ್ತೇನೆ.

ಇನ್ನು ದಾರಿಗಳು. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಉಳಿದುಕೊಂಡರೆ ವಾರದ ದಿನಗಳಲ್ಲಿ ನಾನು ಪಾರ್ಕ್‌ಲ್ಯಾಂಡ್ಸ್‌ನ ಅವೆನ್ಯೂಗಳಲ್ಲಿ ಓಡುತ್ತೇನೆ. ತಲೆಮಾರುಗಳ ಹಿಂದೆ ಬಂದು ನೆಲೆಸಿದ ಗುಜರಾತಿ ಕುಟುಂಬಗಳು ಹೆಚ್ಚಾಗಿರುವ ಭಾಗ ಅದು. ಬೆಳಗ್ಗೆ ಹಿರಿಯರು ಜೋಡಿಯಾಗಿ ವಾಯುವಿಹಾರಕ್ಕೆ ಬಂದಿರುತ್ತಾರೆ, ಪ್ರತಿ ಗೇಟಿಗೂ ಒಬ್ಬ ಅಸ್ಕಾರಿ ಇರುತ್ತಾರೆ. ಮೂರನೇ ಅವೆನ್ಯೂದಲ್ಲಿ ಆಗಾ ಖಾನ್ ಆಸ್ಪತ್ರೆ ಇರುವುದರಿಂದ ಓಡಾಟ ನಿಲ್ಲುವುದೇ ಇಲ್ಲ. ನೋಡಲು ಅಂಥ ಸೊಗಸೇನೂ ಇಲ್ಲ, ಐದಾರು ಕಿಲೋಮೀಟರಿಗೆ ಸಾಕು. ವಾಹನಗಳು ನಮ್ಮಲ್ಲಿನಂತೆ ಎಡಬದಿಯಲ್ಲೇ ಚಲಿಸುವುದರಿಂದ ರಸ್ತೆ ದಾಟುವಾಗ ಕತ್ತು ತಪ್ಪು ಕಡೆಗೆ ತಿರುಗುವ ಭಯವಿಲ್ಲ. ಆದರೆ ಮತಾಟು ಎಂಬ ಬಾಡಿಗೆ ವ್ಯಾನುಗಳೂ ಬೋಡಾಬೋಡಾ ಎಂಬ ಬಾಡಿಗೆ ಮೋಟರ್‌ಸೈಕಲ್‌ಗಳೂ ಅವಸರವಾದರೆ ಪಾದಚಾರಿ ದಾರಿಗೇ ಏರಿ ಬರುತ್ತವೆ. ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲೇ ಓಡುತ್ತೇನೆ, ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳುವುದಿಲ್ಲ.

ವಿಶ್ವಸಂಸ್ಥೆಯ ಕಚೇರಿ ಇರುವ ಗಿಗಿರಿಯಲ್ಲಿ ಉಳಿದುಕೊಂಡವರಿಗೆ ಯುಎನ್ ಅವೆನ್ಯೂ ಸುತ್ತಮುತ್ತ ಓಡುವುದು ಸುಲಭ. ರಾಯಭಾರ ಕಚೇರಿಗಳ ಸಾಲು, ಹೆಜ್ಜೆ ಹೆಜ್ಜೆಗೂ ಕಾವಲು. ಅಲ್ಲಿ ನಿಂತು ಫೋಟೋ ತೆಗೆಯಬಾರದು, ಅಷ್ಟೇ.

ನನ್ನ ಮನಸ್ಸು ನೆಟ್ಟಿರುವುದು ಕರುರಾ ಕಾಡಿನಲ್ಲಿ. ನಗರದ ನಡುವೆಯೇ ಸಾವಿರ ಹೆಕ್ಟೇರಿಗೂ ಮಿಕ್ಕ ಕಾಡು. ತೊಂಬತ್ತರ ದಶಕದ ಕೊನೆಯಲ್ಲಿ ಇದರ ತುಂಡುಗಳನ್ನು ಕಟ್ಟಡ ಕಟ್ಟುವವರಿಗೆ ಹಂಚಲು ಹೊರಟಾಗ ಪರಿಸರ ಹೋರಾಟಗಾರ್ತಿ ವಾಂಗಾರಿ ಮಾಥಾಯ್ ಸಸಿ ಹಿಡಿದು ಬಂದು ಎದುರು ನಿಂತರು. 1999ರ ಜನವರಿಯಲ್ಲಿ ಇಲ್ಲಿಯೇ ಗಿಡ ನೆಡಲು ಬಂದಾಗ ಬಾಡಿಗೆ ಗೂಂಡಾಗಳು ಅವರ ತಲೆ ಒಡೆದರು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕಾಡು ಉಳಿದರೂ ಬಹಳ ವರ್ಷ ಅದರೊಳಗೆ ಹೋಗಲು ಊರಿನವರೇ ಹೆದರುತ್ತಿದ್ದರಂತೆ. 2009ರ ನಂತರ ಅರಣ್ಯ ಇಲಾಖೆಯೂ ಸುತ್ತಲಿನ ನಿವಾಸಿಗಳೂ ಸೇರಿ ವಿದ್ಯುತ್ ಬೇಲಿ ಹಾಕಿಸಿದರು, ಪಕ್ಕದ ಹುರುಮಾ ಬಡಾವಣೆಯ ಯುವಕರನ್ನೇ ಕಾವಲಿಗೆ ತೆಗೆದುಕೊಂಡರು. ಹಿಂದೆ ಸೌದೆಗಾಗಿ ಮರ ಕಡಿಯಲು ನುಗ್ಗುತ್ತಿದ್ದ ಕಾಡನ್ನು ಈಗ ಅದೇ ಬಡಾವಣೆಯ ಮಕ್ಕಳು ಕಾಯುತ್ತಾರೆ. ಅಲ್ಲಿ ಓಡುವಾಗಲೆಲ್ಲ ಈ ಮಾತು ನನ್ನ ಮನಸ್ಸಿಗೆ ಬರುತ್ತದೆ. ನಾನು ನಿಶ್ಚಿಂತೆಯಿಂದ ಓಡಲು ಯಾರೋ ಪೆಟ್ಟು ತಿಂದಿದ್ದಾರೆ, ಯಾರೋ ಇನ್ನೂ ಕಾಯುತ್ತಿದ್ದಾರೆ.

ಬೆಳಗ್ಗೆ ಆರಕ್ಕೆ ಗೇಟು ತೆರೆಯುತ್ತದೆ. ಹೋಟೆಲಿನಿಂದ ಟ್ಯಾಕ್ಸಿ ಮಾಡಿಕೊಂಡು ಲಿಮುರು ರಸ್ತೆಯ ಗೇಟಿಗೆ ಹೋಗಿ, ಅಲ್ಲೇ ವಾಪಸು ಹತ್ತುವುದು ನನ್ನ ರೂಢಿ. ಪ್ರವೇಶ ಶುಲ್ಕವನ್ನು ಮೊಬೈಲಿನಲ್ಲೇ ಕಟ್ಟಬೇಕು. ಅಲ್ಲಿನ ಎಂ-ಪೆಸಾ 2007ರಲ್ಲೇ ಶುರುವಾದದ್ದು, ತರಕಾರಿ ಮಾರುವವರೂ ಅದರಲ್ಲೇ ಹಣ ತೆಗೆದುಕೊಳ್ಳುತ್ತಾರೆ. ವಿಮಾನ ಇಳಿದ ದಿನವೇ ಪಾಸ್‌ಪೋರ್ಟ್ ತೋರಿಸಿ ಸ್ಥಳೀಯ ಸಿಮ್ ಮಾಡಿಸಿಕೊಂಡರೆ ಒಳ್ಳೆಯದು. ಪ್ಲಾಸ್ಟಿಕ್ ಬಾಟಲಿಯನ್ನು ಒಳಗೆ ಬಿಡುವುದಿಲ್ಲ, ಕಾಡುಗಳಲ್ಲಿ 2020ರಿಂದ ಅದಕ್ಕೆ ನಿಷೇಧವಿದೆ. ನಾನು ಸಣ್ಣ ಸ್ಟೀಲ್ ಬಾಟಲಿ ಒಯ್ಯುತ್ತೇನೆ. ಬಾಳೆಹಣ್ಣು ಮಾತ್ರ ಬೇಡ, ಕೋತಿಗಳು ಬಿಡುವುದಿಲ್ಲ.

ಒಳಗಿನ ದಾರಿ ಕೆಂಪು ಜಲ್ಲಿಮಣ್ಣಿನದು. ಅದಕ್ಕೆ ಅವರು ‘ಮುರಂ’ ಎನ್ನುವುದನ್ನು ಕೇಳಿ ಖುಷಿಯಾಯಿತು, ನಮ್ಮ ರಸ್ತೆ ಗುತ್ತಿಗೆದಾರರ ಬಾಯಲ್ಲಿ ಇರುವುದೂ ಅದೇ ಶಬ್ದ. ದಾರಿಗಳು ಕೂಡುವಲ್ಲೆಲ್ಲ ಸಂಖ್ಯೆ ಬರೆದ ಕಂಬಗಳಿವೆ. ಹಾದುಹೋಗುವಾಗ ಆ ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸ ನನ್ನದು. ಮೂರನೇ ಪ್ರವಾಸದಲ್ಲಿ, ಏಪ್ರಿಲ್ ತಿಂಗಳ ದೊಡ್ಡ ಮಳೆಗಾಲದಲ್ಲಿ, ಜಲಪಾತ ನೋಡಿ ಹಿಂತಿರುಗುವಾಗ ಮಂಜು ಕವಿದು ದಾರಿ ತಪ್ಪಿತು. ಎಲ್ಲಾ ಮರಗಳೂ ಒಂದೇ ಥರ, ಶೂ ತುಂಬಾ ಕೆಸರು, ಎದುರಿಗೆ ಒಂದು ಸಣ್ಣ ಜಿಂಕೆಯಂಥ ಡೈಕರ್ ನಿಂತು ನೋಡಿ ಪೊದೆಗೆ ಹಾರಿತು. ಗಾಬರಿಯಾಗುವ ಮೊದಲು ಕೊನೆಯದಾಗಿ ಕಂಡ ಕಂಬದ ಸಂಖ್ಯೆ ನೆನಪು ಮಾಡಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆ. ಕಂಬದ ಹತ್ತಿರ ಕಾವಲಿನ ಹುಡುಗನೊಬ್ಬ ಸಿಕ್ಕಿ ಗೇಟಿನವರೆಗೆ ಜೊತೆಗೇ ಬಂದ. ಹೊಸಬರು ಮೊದಲ ಸಲ ಹೋಗುವುದಾದರೆ ಶನಿವಾರ ಅಥವಾ ಭಾನುವಾರ ಹೋಗಿ. ಓಡುವವರ ಗುಂಪುಗಳು ತುಂಬಿರುತ್ತವೆ, ಯಾವುದಾದರೊಂದರ ಬಾಲ ಹಿಡಿದರೆ ಸಾಕು.

ಅಧ್ಯಕ್ಷರ ನಿವಾಸವಾದ ಸ್ಟೇಟ್ ಹೌಸ್ ಪಕ್ಕದ ಅರ್ಬೊರೀಟಂ ಚಿಕ್ಕದು, ಮೂವತ್ತು ಹೆಕ್ಟೇರ್. ರೈಲಿಗೆ ಬೇಕಾದ ಸೌದೆಗೆ ಯಾವ ಮರ ಬೇಗ ಬೆಳೆಯುತ್ತದೆ ಎಂದು ನೋಡಲು 1907ರಲ್ಲಿ ನೆಟ್ಟ ತೋಪು. ನಗರದ ನಡುವೆ ಉಳಿದುಕೊಂಡು ಒಂದೇ ಗಂಟೆ ಬಿಡುವಿದ್ದರೆ ಅದು ಸಾಕು. ನ್ಗೊಂಗ್ ಬೆಟ್ಟಸಾಲು ಚೆಂದ, ಆದರೆ ಅಲ್ಲಿಗೆ ಗುಂಪಿನಲ್ಲಿ, ಅರಣ್ಯ ಕಾವಲುಗಾರರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ನೈರೋಬಿಯ ಪಶ್ಚಿಮ ಮತ್ತು ಉತ್ತರದ ಬಡಾವಣೆಗಳು ಏಣುಗಳ ಮೇಲೆ ಹರಡಿವೆ, ನಡುನಡುವೆ ಹೊಳೆ ಹರಿಯುವ ತಗ್ಗುಗಳು. ಈ ಏಣಿನಿಂದ ಆ ಏಣಿಗೆ ಹೋಗಲು ನಕ್ಷೆ ತಗ್ಗಿನ ಕಾಲುದಾರಿಯನ್ನು ತೋರಿಸುತ್ತದೆ, ಅರ್ಧ ದೂರ ಉಳಿಯುತ್ತದೆ ಎನ್ನುತ್ತದೆ. ಆ ಕಾಲುದಾರಿಗಳಿಗೆ ಇಳಿಯಬೇಡಿ. ಮೇಲಿನವರಿಗೆ ಕಾಣಿಸದ, ಕೂಗಿದರೂ ಕೇಳಿಸದ ಜಾಗಗಳು ಅವು.

ಎತ್ತರದ ಬಗ್ಗೆಯೂ ಹೇಳಲೇಬೇಕು. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,795 ಮೀಟರ್ ಮೇಲಿದೆ, ಬೆಂಗಳೂರಿನ ಎರಡು ಪಟ್ಟಿಗೆ ಹತ್ತಿರ. ಮುಳ್ಳಯ್ಯನಗಿರಿಯ ತುದಿಗಿಂತ ನೂರು ಚಿಲ್ಲರೆ ಮೀಟರ್ ಮಾತ್ರ ಕೆಳಗೆ. ಮೊದಲ ಎರಡು ದಿನ ಸಣ್ಣ ಏರಿಗೂ ಎದೆ ಬಡಿದುಕೊಳ್ಳುತ್ತದೆ. ಇದೂ ಸುರಕ್ಷತೆಯ ಮಾತೇ, ದಣಿದ ಕಣ್ಣಿಗೆ ಸುತ್ತಲಿನದು ಕಾಣಿಸುವುದಿಲ್ಲ. ಮೊದಲ ದಿನ ನಡಿಗೆ, ಎರಡನೆಯ ದಿನ ಅರ್ಧ ದೂರ, ಮೂರನೆಯ ದಿನದಿಂದ ಓಟ. ಜುಲೈ-ಆಗಸ್ಟ್‌ನಲ್ಲಿ ಬೆಳಗ್ಗೆ ಚಳಿ ಕೊರೆಯುತ್ತದೆ, ಉದ್ದ ತೋಳಿನ ಅಂಗಿ ಬೇಕು.

ಸೊಂಟದ ಪಟ್ಟಿಯೊಳಗೆ ಹಳೆಯ ಮೊಬೈಲ್, ಪಾಸ್‌ಪೋರ್ಟಿನ ಜೆರಾಕ್ಸ್, ಹೋಟೆಲಿನ ಚೀಟಿ, ಐನೂರು ಶಿಲ್ಲಿಂಗಿನ ಒಂದು ನೋಟು. ಇಷ್ಟೇ ನನ್ನ ಜೊತೆಗೆ ಬರುವುದು. ಓಲೆ, ಸರ, ದುಬಾರಿ ಗಡಿಯಾರ ಕೋಣೆಯ ಪೆಟ್ಟಿಗೆಯಲ್ಲಿ. ಯಾವ ಕಡೆ ಹೊರಟಿದ್ದೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಗೇಟಿನಲ್ಲಿ ಹೇಳಿಯೇ ಹೊರಡುತ್ತೇನೆ.

ಓಡದ ದಿನಗಳೂ ಇವೆ. 2024ರ ಜೂನ್ 25ರಂದು ತೆರಿಗೆ ಮಸೂದೆಯ ವಿರುದ್ಧ ಯುವಜನರು ಬೀದಿಗಿಳಿದು ಸಂಸತ್ತಿನೊಳಗೇ ನುಗ್ಗಿದ ವಾರ ನಾನು ಅಲ್ಲಿದ್ದೆ. ಹಿಂದಿನ ಸಂಜೆ ‘ನಾಳೆ ಓಡಬಹುದೇ, ಮ್ಜೇ?’ ಎಂದು ಗೇಟಿನ ಅಸ್ಕಾರಿಯನ್ನು ಕೇಳಿದೆ. ಹಿರಿಯರನ್ನು ಅಲ್ಲಿ ಗೌರವದಿಂದ ಹಾಗೆ ಕರೆಯುತ್ತಾರೆ. ಅವರು ಸುಮ್ಮನೆ ರಸ್ತೆಯಾಚೆ ಕೈ ತೋರಿಸಿ, ‘ಅವಳು ನಾಳೆ ಬರುವುದಿಲ್ಲ ಎಂದಿದ್ದಾಳೆ’ ಎಂದರು. ಮರುದಿನ ಬೆಳಗ್ಗೆ ಕಿಟಕಿಯಿಂದ ನೋಡಿದೆ. ಒಲೆ ಇಡುವ ಜಾಗದಲ್ಲಿ ಹಿಂದಿನ ದಿನದ ಬೂದಿ ಮಾತ್ರ ಇತ್ತು. ಶೂ ಬಿಚ್ಚಿಟ್ಟು, ಹೋಟೆಲಿನ ಮೆಟ್ಟಿಲುಗಳನ್ನೇ ನಲವತ್ತು ನಿಮಿಷ ಹತ್ತಿ ಇಳಿದೆ.